ಅಪ್‌ಡೇಟ್: ಮೌಂಟ್ ಮೌಂಗನೂಯಿಯ ಕಡಲತೀರದಲ್ಲಿ ಕ್ರಿಸ್‌ಮಸ್

ನ್ಯೂಜಿಲೆಂಡಿನ ಮೌಂಟ್ ಮೌಂಗನೂಯಿಯಲ್ಲಿ ಹೊಸ ಗೆಳೆಯರು ಕರೆದಿರುವ ಕ್ರಿಸ್‌ಮಸ್ ಊಟಕ್ಕೆ ಏನನ್ನು ಒಯ್ಯಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಡಿಸೆಂಬರ್ 25ರಂದು ಇಲ್ಲಿನ ಕಾನೂನಿನಂತೆ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ ಎಂಬ ಎಚ್ಚರಿಕೆಯೇ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿತು. ಮೊದಲೇ ತೆಂಗಿನತುರಿ, ಎಳ್ಳು, ಮೈದಾ ತಂದು, ಮಂಗಳೂರಿನ ನಮ್ಮ ಮನೆಯ ಕುಸ್ವಾರಿನಲ್ಲಿ (ಕ್ರಿಸ್‌ಮಸ್‌ಗೆಂದು ಮಾಡುವ ಬಗೆಬಗೆಯ ತಿಂಡಿಗಳು) ತಪ್ಪದೆ ಇರುವ ನೆವ್ರಿಗಳನ್ನು (ಸಿಹಿ ಹೂರಣದ ಕರಿಗಡುಬು) ಕರಿದಿಡಲು ಅದರಿಂದ ಸಾಧ್ಯವಾಯಿತು. ಇಲ್ಲೀಗ ಬೇಸಿಗೆಯಾದ್ದರಿಂದ, ಕೆಂಪಗೆ ಹೂಬಿಟ್ಟ ಪೊಹುಟುಕಾವಾ ಮರದ ನೆರಳಿನಲ್ಲಿ ಬಾರ್ಬೆಕ್ಯೂ ಒಲೆ ಹೂಡಿ, ತಣ್ಣನೆಯ ಹ್ಯಾಮ್, ಎಳೆಯ ಆಲೂಗಡ್ಡೆ ಹಾಗೂ ಕೆನೆ, ಸ್ಟ್ರಾಬೆರಿ ಹೇರಿದ ಪಾವ್ಲೋವಾ ಎಂಬ ಮೊಟ್ಟೆಯ ಬಿಳಿಭಾಗದ ಸಿಹಿತಿನಿಸುಗಳ ನಡುವೆ ನೆವ್ರಿಯ ಡಬ್ಬಿಯನ್ನೂ ಇಟ್ಟೆವು. ಪಾವ್ಲೋವಾ ನನಗೆ ವಿಪರೀತ ಸಿಹಿಯೆನಿಸಿತು (ಗೆಳೆಯರ ಮುಂದೆ ಹೇಳಲಿಲ್ಲ). ಟೋಪಿ, ಸನ್‌ಸ್ಕ್ರೀನ್ ಮರೆಯಬೇಡಿ ಎಂದವರ ಮಾತೂ ಸರಿ. ಇಲ್ಲಿನ ಬಿಸಿಲಿನ ಅತಿನೇರಳೆ ಕಿರಣಗಳು ಬಲು ತೀಕ್ಷ್ಣ. ಜನವರಿಯಲ್ಲಿ ಈ ಹೊಸ ಗೆಳೆಯರೆಲ್ಲರಿಗೂ ನಮ್ಮ ಮನೆಯಲ್ಲಿ ಮೀನುಸಾರಿನ ಊಟವೆಂದು ನಿಶ್ಚಯವಾಗಿದೆ.