ಸದ್ದು ಮಾಡದ ರೆಕಾರ್ಡರ್ ಯಾವುದು? ಬಳಸಿದವರು ಹೇಳಿ

ಬೆಳಗಿನ ಜಾವದ ಹಕ್ಕಿ ದನಿ, ಎಲೆ ಮೇಲಿನ ಜಿಟಿಜಿಟಿ ಮಳೆ, ಇಂಥ ಮೆಲ್ಲನೆಯ ಸದ್ದುಗಳನ್ನು ರೆಕಾರ್ಡ್ ಮಾಡುವ ಆಸೆ. ಈಗಿರುವ ಪುಟ್ಟ ರೆಕಾರ್ಡರ್‌ನಲ್ಲಿ ಗೇನ್ (ಸದ್ದನ್ನು ಹಿಗ್ಗಿಸುವ ಮಟ್ಟ) ಏರಿಸಿದರೆ ಬರೀ ‘ಸುಂಯ್’ ಅಂತ ಕೇಳುತ್ತದೆ. ಚೀಲದಲ್ಲಿ ಹಿಡಿಸುವಂಥದ್ದು ಯಾವುದು ತಗೊಳ್ಳಲಿ?

*

ಈ ಸುಂಯ್ ಜೊತೆ ನಾನೂ ಎರಡು ವರ್ಷ ಗುದ್ದಾಡಿದ್ದೇನೆ. ಹೊಸದು ಕೊಳ್ಳುವ ಮುಂಚೆ ಅದು ಎಲ್ಲಿಂದ ಬರುತ್ತಿದೆ ಅಂತ ನೋಡಿ. ಒಂದು ಮೈಕ್‌ನದೇ ಸದ್ದು, ಇನ್ನೊಂದು ಮೈಕ್‌ನಿಂದ ಬಂದದ್ದನ್ನು ಹಿಗ್ಗಿಸುವ ಪ್ರಿಆಂಪ್‌ನದು. ರೆಕಾರ್ಡರ್ ಜೊತೆಗೇ ಬರುವ ಪುಟಾಣಿ ಮೈಕ್‌ಗಳಲ್ಲಿ ಸಾಮಾನ್ಯವಾಗಿ ಮೈಕ್‌ನದೇ ತಪ್ಪು. ನನ್ನ ಹಳೇ ರೆಕಾರ್ಡರ್‌ಗೇ ಪ್ರಿಮೋ ಇಎಂ272 ಕ್ಯಾಪ್ಸೂಲ್ (ಮೈಕ್‌ನೊಳಗೆ ಸದ್ದು ಹಿಡಿಯುವ ಭಾಗ) ಇರುವ ಒಂದು ಜೊತೆ ಮೈಕ್ ಹಾಕಿದೆ. ಅದರ ಸ್ವಂತ ಸದ್ದು 14 ಡಿಬಿಎ (ಸದ್ದಿನ ಅಳತೆ, ಕಡಿಮೆಯಾದಷ್ಟೂ ಒಳ್ಳೆಯದು) ಅಷ್ಟೇ. ಅವತ್ತು ರಾತ್ರಿ ಒಣಗಿದ ಎಲೆ ಮೇಲೆ ಒಂದು ಜೀರುಂಡೆ ನಡೆದುಹೋದದ್ದು ಹೆಡ್‌ಫೋನ್‌ನಲ್ಲಿ ಒಂದೊಂದೇ ಹೆಜ್ಜೆಯಾಗಿ ಕೇಳಿತು. ಉಸಿರು ಬಿಗಿಹಿಡಿದು ಕೂತಿದ್ದೆ. ನಿಮ್ಮ ರೆಕಾರ್ಡರ್‌ನ ಮೈಕ್ ಸಾಕೆಟ್ ಪ್ಲಗ್-ಇನ್ ಪವರ್ (ಮೈಕ್ ನಡೆಯಲು ಬೇಕಾದ ಸಣ್ಣ ವಿದ್ಯುತ್) ಕೊಡುತ್ತದಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಈ ಮೈಕ್ ಕೆಲಸ ಮಾಡಲ್ಲ.

ಆಮೇಲೆ ಜೂಮ್ ಎಫ್3 ರೆಕಾರ್ಡರ್ ತಗೊಂಡೆ. ಅಂಗೈಯಲ್ಲಿ ಕೂರುತ್ತದೆ, ಎರಡು ಎಎ ಸೆಲ್ ಸಾಕು, ಪವರ್ ಬ್ಯಾಂಕ್‌ನಿಂದಲೂ ಓಡುತ್ತದೆ. ಪ್ರಿಆಂಪ್ ಸದ್ದು −127 ಡಿಬಿಯು. ಈ ಅಂಕಿ ಸೊನ್ನೆಗಿಂತ ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೆಯದು. ಅದರ 32 ಬಿಟ್ ಫ್ಲೋಟ್ ಎಂಬ ರೆಕಾರ್ಡಿಂಗ್ ವಿಧಾನದಿಂದ ಸುಂಯ್ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗೇನ್ ಲೆಕ್ಕ ತಪ್ಪಿದರೂ ರೆಕಾರ್ಡಿಂಗ್ ಹಾಳಾಗದ ಹಾಗೆ ಕಾಯುತ್ತದೆ, ಅಷ್ಟೇ. ಮೈಕ್ ಗದ್ದಲದ್ದಾದರೆ ಗದ್ದಲವೇ ಚೆನ್ನಾಗಿ ರೆಕಾರ್ಡ್ ಆಗುತ್ತದೆ.

*

ಮೇಲಿನವರು ಹೇಳಿದ್ದು ನಿಜ. ಆದರೆ ಎಫ್3ಗೆ ತನ್ನದೇ ಮೈಕ್ ಇಲ್ಲ, ಹೊರಗಿನ ಮೈಕ್ ಸಿಕ್ಕಿಸುವ ಎಕ್ಸ್‌ಎಲ್‌ಆರ್ ಸಾಕೆಟ್ ಎರಡೇ ಇರುವುದು. ಕೇಬಲ್ ಬಿಚ್ಚಿ, ಸ್ಟ್ಯಾಂಡ್ ನಿಲ್ಲಿಸುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ. ನಾನು ನಡೆಯುತ್ತಾ ಹಿಡಿಯುವವ, ನನಗೆ ಸೋನಿ ಪಿಸಿಎಂ-ಡಿ100 ಹೊಂದಿತು. ಅದರ ಮೈಕ್‌ಗಳೇ ಸಾಕಷ್ಟು ಶಾಂತ. ಈಗ ತಯಾರಾಗುತ್ತಿಲ್ಲ, ಸೆಕೆಂಡ್ ಹ್ಯಾಂಡ್ ಸಿಕ್ಕರೆ ಎರಡೂ ಮೈಕ್ ಒಂದೇ ಮಟ್ಟದಲ್ಲಿ ಕೇಳುತ್ತವೆಯಾ ಅಂತ ಹೆಡ್‌ಫೋನ್ ಹಾಕಿ ನೋಡಿಯೇ ತಗೊಳ್ಳಿ.

ಒಂದೇ ಕಡೆ ಗಂಟೆಗಟ್ಟಲೆ ಇಟ್ಟು ಬರುವುದಾದರೆ ಎಫ್3 ಜೊತೆ ರೋಡ್ ಎನ್‌ಟಿ1 ಹಾಕಿ, ಅದರ ಸದ್ದು ಬರೀ 4.5 ಡಿಬಿಎ. ಸ್ಟುಡಿಯೋ ಮೈಕ್ ಅದು, ತೇವದಿಂದ ಕಾಪಾಡಲೇಬೇಕು.

*

ಗಾಳಿ ಮರೆಯಬೇಡಿ! ಫೋಮ್ ಟೋಪಿ ಸಾಲದು, ರೋಮದ ಹೊದಿಕೆ ಬೇಕು. ಕೈಯಲ್ಲಿ ಹಿಡಿದರೆ ಬೆರಳು ಸರಿದದ್ದೂ ಗುಡುಗಿದ ಹಾಗೆ ಕೇಳುತ್ತದೆ, ಪುಟ್ಟ ಟ್ರೈಪಾಡ್ ಮೇಲಿಟ್ಟು ಹತ್ತು ಹೆಜ್ಜೆ ದೂರ ಹೋಗಿ ಕೂತುಬಿಡಿ.

ಎರಡು ರೆಕಾರ್ಡರ್‌ಗಳಲ್ಲಿ ಒಂದನ್ನು ಆಯ್ಕೆ ಮಾಡುವಾಗ ನಾನು ಮಾಡುವುದು ಇಷ್ಟು: ನಡುರಾತ್ರಿ ಫ್ಯಾನ್, ಫ್ರಿಜ್ ಎಲ್ಲ ಆರಿಸಿ, ಕೈಗಡಿಯಾರವನ್ನು ಒಂದು ಮಾರು ದೂರ ಇಟ್ಟು ಎರಡೂ ರೆಕಾರ್ಡರ್‌ಗಳಲ್ಲಿ ಒಂದೊಂದು ನಿಮಿಷ ಹಿಡಿಯುತ್ತೇನೆ. ಟಿಕ್ ಟಿಕ್ ಎರಡರಲ್ಲೂ ಒಂದೇ ಜೋರಿಗೆ ಬರುವ ಹಾಗೆ ಸರಿಮಾಡಿ, ನಡುವಿನ ಮೌನವನ್ನು ಕೇಳುತ್ತೇನೆ.