ನೆತ್ತಿ ತುರಿಕೆ ಲೆಕ್ಕ ಇಡೋದು ಹೇಗೆ? ಅನುಭವ ಇದ್ದೋರು ಹೇಳಿ

ಕೋಲಾರದಿಂದ ಕೇಳ್ತಿದ್ದೀನಿ. ಎಂಟು ತಿಂಗಳಿಂದ ನೆತ್ತಿ ತುರಿಕೆ, ಹೊಟ್ಟು. ಬರುತ್ತೆ, ಹೋಗುತ್ತೆ. ಡಾಕ್ಟರು "ಯಾವಾಗ ಜಾಸ್ತಿಯಾಗುತ್ತಮ್ಮ?" ಅಂದ್ರೆ ಬೆಬ್ಬೆಬ್ಬೆ ಅಂತೀನಿ. ಬರೆದಿಟ್ಟುಕೊಂಡೋರು ಯಾರಾದ್ರೂ ಇದ್ದೀರಾ?

ಶಿಡ್ಲಘಟ್ಟದಿಂದ:
ಅಕ್ಕಾ, ಆ್ಯಪು ಗೀಪು ಹಾಕ್ಕೊಂಡು ನಾಲ್ಕೇ ದಿನಕ್ಕೆ ಬಿಟ್ಟೆ. ಕೈ ಹಿಡಿದಿದ್ದು ಅಡುಗೆಮನೆ ಕ್ಯಾಲೆಂಡರು. ಹಾಲಿನ ಲೆಕ್ಕ ಬರೆಯೋ ಚೌಕದಲ್ಲೇ ಕೆಳಗೊಂದು ಅಂಕಿ. 0 ಅಂದ್ರೆ ತುರಿಕೆ ಇಲ್ಲ, 3 ಅಂದ್ರೆ ರಾತ್ರಿ ನಿದ್ದೆಗೆಟ್ಟಿದ್ದು. ತಲೆಗೆ ಎರ್ಕೊಂಡ ದಿನ 'ನೀ', ಎಣ್ಣೆ ಹಚ್ಚಿದ ದಿನ 'ಎ'. ನಮ್ಮತ್ತೆ ಬದನೆಕಾಯಿ ನಂಜು ಅಂತ ಹಟ ಹಿಡಿದಿದ್ರು, ಅದಕ್ಕೂ ಒಂದು 'ಬ' ಹಾಕಿದೆ. ಮೂರು ತಿಂಗಳಾದ ಮೇಲೆ ನೋಡಿದ್ರೆ ಪಾಪ, ಬದನೆಕಾಯಿದು ಏನೂ ತಪ್ಪಿಲ್ಲ. 3 ಬಿದ್ದಿದ್ದೆಲ್ಲ ಎಣ್ಣೆ ಹಚ್ಚಿ ಎರಡು ಮೂರು ದಿನ ಹಾಗೇ ಬಿಟ್ಟಾಗ, ಇಲ್ಲಾ ರೇಷ್ಮೆ ಗೂಡು ಮಾರ್ಕೆಟ್ಟಿಗೆ ಹಾಕಿ ಹುಳು ಮನೆಗೆ ಬ್ಲೀಚಿಂಗ್ ಪೌಡರ್ ಹೊಡೆದ ವಾರ. ಡಾಕ್ಟರು ಕ್ಯಾಲೆಂಡರ್ ನೋಡಿ ನಕ್ಕರು. ಹೊಟ್ಟಿನ ಜೊತೆ ಇರೋ ಮಲಸ್ಸೇಜಿಯಾ ಅನ್ನೋ ಫಂಗಸ್ಸಿಗೆ ಎಣ್ಣೆ ಅಂದ್ರೆ ಹಬ್ಬದೂಟವಂತೆ. 2% ಕೀಟೋಕೊನಜೋಲ್ ಶಾಂಪೂ ಬರೆದುಕೊಟ್ಟರು: ವಾರಕ್ಕೆರಡು ಸಲ, ನೊರೆ ಐದು ನಿಮಿಷ ನೆತ್ತಿ ಮೇಲಿರಬೇಕು. ಈಗ ತಲೆಗೆ ಟವೆಲ್ ಸುತ್ತದೆ ಹುಳು ಮನೆ ತೊಳೆಯಲ್ಲ.

ತುಮಕೂರಿಂದ:
ಅಂಕಿ ಜೊತೆ ಫೋಟೋನೂ ಇರಲಿ. ತಿಂಗಳಿಗೊಂದು ಸಾಕು, ಕೂದಲು ಬೆಳೆಯೋದೇ ತಿಂಗಳಿಗೆ ಸುಮಾರು 1 ಸೆಂ.ಮೀ. ಅದೇ ಕಿಟಕಿ, ಅದೇ ಹೊತ್ತು, ಅದೇ ಬೈತಲೆ, ಒಣಗಿದ ಕೂದಲು. ಒಂದ್ಸಲ ಟ್ಯೂಬ್‌ಲೈಟ್ ಕೆಳಗೆ ತೆಗೆದು, ಬೋಳಾಗೋದೆ ಅಂತ ಅತ್ತಿದ್ದೆ! ಕಿವಿ ಹಿಂದೆ, ಹಣೆ ಅಂಚು ಮರೀಬೇಡಿ. ನಾನು ಹೊಟ್ಟು ಅಂದ್ಕೊಂಡಿದ್ದು ಬೆಳ್ಳಿ ಬಣ್ಣದ ದಪ್ಪ ಪೊರೆಯಾಗಿ ಹಣೆಗೆ ಇಳಿದಿದ್ದು ಫೋಟೋಗಳನ್ನ ಸಾಲಾಗಿ ಇಟ್ಟಾಗಲೇ ಕಂಡಿದ್ದು. ಡಾಕ್ಟರು ನೋಡಿ ಸೋರಿಯಾಸಿಸ್ ಅನ್ನೋ ಚರ್ಮದ ಕಾಯಿಲೆ ಅಂದ್ರು.

ಚಿಂತಾಮಣಿಯಿಂದ:
ಉದುರಿದ ಕೂದಲು ಎಣಿಸ್ಕೊಂಡು ಕೂರಬೇಡಿ. ದಿನಕ್ಕೆ 50ರಿಂದ 100 ಉದುರೋದು ಸಹಜ. ಜ್ವರ ಬಂದ ತಾರೀಖು ಮಾತ್ರ ಬರೆದಿಡಿ. ಡೆಂಗಿ ವಾಸಿಯಾಗಿ ಎರಡೂವರೆ ತಿಂಗಳಿಗೆ ನನ್ನ ಬಾಚಣಿಗೆ ತುಂಬ ಕೂದಲು. ಅದು ಜ್ವರದ ಕೆಲಸ ಅಂತ ಗೊತ್ತಾಗದೆ ನಾನು ಬೋರ್‌ವೆಲ್ ನೀರನ್ನೇ ಬೈತಾ ಕೂತಿದ್ದೆ.

ಕೇಳಿದವರು:
ಇವತ್ತಿಂದಲೇ ಶುರು ಮಾಡಿದೆ. ಇವತ್ತು 2. ಡಾಕ್ಟರ ಹತ್ರ ಹೋಗೋ ದಿನ ಎಣ್ಣೆ ಹಚ್ಚಿ ನೀಟಾಗಿ ಬಾಚ್ಕೊಂಡು ಹೋಗಲಾ?

ಶಿಡ್ಲಘಟ್ಟದಿಂದ:
ಬೇಡ ಅಕ್ಕಾ! ಎಣ್ಣೆಗೆ ಹೊಟ್ಟೆಲ್ಲ ಅಂಟ್ಕೊಂಡು ಡಾಕ್ಟರಿಗೆ ಸರಿಯಾಗಿ ಕಾಣಲ್ಲ.