ಸಹಾಯ ಬೇಕು: ಮಂಡಿನೋವಿರುವ ಅವ್ವನನ್ನು ಓಗಾಸ್ ಕ್ಯಾಂಟಿನಾಗೆ ಕರೆದುಕೊಂಡು ಹೋಗಬಹುದಾ?

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದ ವಿದ್ಯಾಗಿರಿಯವರು. ದೀಪಾವಳಿ ಮುಗಿದ ಮೇಲೆ ಅವ್ವ, ಅಪ್ಪಾಜಿ ಜೊತೆ ಕ್ಯಾಲಿಫೋರ್ನಿಯಾದಲ್ಲಿರುವ ತಮ್ಮನ ಮನೆಗೆ ಹೊರಟಿದ್ದೇವೆ. ಒಂದು ದಿನ ಡಿಸ್ನಿಲ್ಯಾಂಡ್‌ಗೆ. ಅಲ್ಲಿ ಸ್ಟಾರ್ ವಾರ್ಸ್ ಸಿನಿಮಾದ ಲೋಕದಂತೆ ಕಟ್ಟಿರುವ ಗ್ಯಾಲಕ್ಸೀಸ್ ಎಡ್ಜ್ ಒಳಗಿನ ಬಾರ್ ಓಗಾಸ್ ಕ್ಯಾಂಟಿನಾ ನೋಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ. 1955ರಲ್ಲಿ ಶುರುವಾದ ಆ ಪಾರ್ಕಿನಲ್ಲಿ ಜನಸಾಮಾನ್ಯರಿಗೆ ಮದ್ಯ ಸಿಕ್ಕ ಮೊದಲ ಜಾಗ ಅದು, 2019ರಲ್ಲಿ. ಹಾಡು ಹಾಕುವುದು ರೋಬೋಟ್! 1987ರ ಸ್ಟಾರ್ ಟೂರ್ಸ್ ರೈಡಿನಲ್ಲಿ ಪೈಲಟ್ ಆಗಿದ್ದದ್ದೂ ಅದೇ.

ನಮ್ಮಲ್ಲಿ ಯಾರೂ ಕುಡಿಯುವುದಿಲ್ಲ. ಅದು ತೊಂದರೆ ಅಲ್ಲ, ಮಕ್ಕಳನ್ನೂ ಒಳಗೆ ಬಿಡುತ್ತಾರೆ, ಮದ್ಯವಿಲ್ಲದ ಪಾನೀಯಗಳೂ ಇವೆ. ಚಿಂತೆ ಅವ್ವನ ಮಂಡಿಯದು. ಲೈನ್ ಬಜಾರಿನಲ್ಲಿ ಪೇಡೆಗೆ ಸರದಿ ನಿಂತರೂ ಹತ್ತು ನಿಮಿಷಕ್ಕೆ ಕಟ್ಟೆ ಹುಡುಕುತ್ತಾರೆ. ಕ್ಯಾಂಟಿನಾದಲ್ಲಿ ಜಾಸ್ತಿ ಜನಕ್ಕೆ ನಿಂತುಕೊಳ್ಳುವ ಮೇಜೇ ಸಿಗುವುದಂತೆ, ಅದೂ 45 ನಿಮಿಷ.

ಹೋಗಿ ಬಂದವರು ದಯವಿಟ್ಟು ಹೇಳಿ. ವಯಸ್ಸಾದವರಿದ್ದಾರೆ ಅಂದರೆ ಕುಳಿತುಕೊಳ್ಳಲು ಜಾಗ ಕೊಡುತ್ತಾರಾ? ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ, ಆಗಲೇ ತಿಳಿಸಬೇಕಾ, ಬಾಗಿಲಲ್ಲಿ ಕೇಳಿದರೆ ಸಾಕಾ? ಗದ್ದಲ ಕಡಿಮೆ ಇರುವ ಹೊತ್ತು ಯಾವುದು?

ಇನ್ನೊಂದು. ಅಲ್ಲಿ ಸಿಗುವ ಬ್ಲೂ ಬಂಥಾ ಅನ್ನೋ ಮದ್ಯವಿಲ್ಲದ ಪಾನೀಯದ ನೀಲಿ ಹಾಲು ತೆಂಗು, ಅಕ್ಕಿಯದ್ದು, ಸರಿ. ಮೇಲಿಡುವ ಬಿಸ್ಕತ್ತಿನಲ್ಲಿ ಮೊಟ್ಟೆ ಇರುತ್ತದಾ? ಅವ್ವ ಮೊಟ್ಟೆ ಮುಟ್ಟುವುದಿಲ್ಲ. ಅವರನ್ನು ಹೊರಗೆ ಕೂರಿಸಿ ನಾನೊಬ್ಬಳೇ ಒಳಗೆ ಹೋಗಲು ಮನಸ್ಸಿಲ್ಲ.